ಲೆನ್ಸ್ ಕೊಳ್ಳೋ ಮುಂಚೆ ತೋಟ ಒಂದು ಸುತ್ತು ಬನ್ನಿ

ನಿಟ್ಟೂರು, ಕಡಬ, ಗುಬ್ಬಿ ಕಡೆಯ ಹುಡುಗರು ನನ್ನ ಹತ್ತಿರ ಸುದ್ದಿ ವಿಚಾರಕ್ಕಿಂತ ಕ್ಯಾಮೆರಾ ವಿಚಾರ ಕೇಳೋದೇ ಹೆಚ್ಚು. ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಓಡಾಡುವ ಸ್ಟ್ರಿಂಗರ್ ಅಂದ ಮೇಲೆ ಎಲ್ಲ ಗೊತ್ತಿರುತ್ತೆ ಅಂತ ಅವರ ನಂಬಿಕೆ. ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಅಣ್ಣ, ನೂರೈವತ್ತು-ಆರ್ನೂರು ತಗೊಳ್ಳಲಾ? ಇಎಂಐ ಸಿಗುತ್ತಂತೆ."

ನೂರೈವತ್ತು-ಆರ್ನೂರು ಅಂದರೆ 150-600 ಎಂಎಂ ಜೂಮ್ ಲೆನ್ಸ್. ಹಕ್ಕಿ, ಹುಲಿ, ಚಿರತೆ ತೆಗೆಯೋರ ಕೈಯಲ್ಲಿ ಕಾಣುವ ಉದ್ದನೆಯ ಕೊಳವೆ. ತೂಕ ಎರಡು ಕೆಜಿ ಆಸುಪಾಸು, ಬೆಲೆ ಲಕ್ಷದ ಆಸುಪಾಸು. ಕೇಳುವ ಹುಡುಗರಲ್ಲಿ ಕೆಲವರು ತುಮಕೂರಿನ ವಸಂತನರಸಾಪುರದ ಕಡೆ ಕೆಲಸಕ್ಕೆ ಹೋಗೋರು, ಕೆಲವರು ಅಂಗಡಿ ಇಟ್ಟಿರೋರು, ಇನ್ನು ಕೆಲವರು ಅಪ್ಪನ ತೋಟ ನೋಡಿಕೊಂಡಿರೋರು. ಯಾರೂ ಫೋಟೋದಿಂದ ಹೊಟ್ಟೆ ಹೊರೆಯೋರಲ್ಲ, ಬರೀ ಹವ್ಯಾಸ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹವ್ಯಾಸಿಗೆ ಮೊದಲ ವಿಶೇಷ ಲೆನ್ಸ್ ಆಗಿ ಆ ಉದ್ದ ಕೊಳವೆ ಬೇಡ, ಮ್ಯಾಕ್ರೋ ಲೆನ್ಸ್ ಬೇಕು. ಅದನ್ನೂ ಅಂಗಡಿಗೆ ಓಡಿ ಹೋಗಿ ತರಬೇಡಿ. ಕೆಲವು ನೂರು ರೂಪಾಯಿಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ದುಡ್ಡಿನ ಲೆಕ್ಕ

ನಮ್ಮೂರಿನಲ್ಲಿ ದುಡ್ಡನ್ನು ಕೊಬ್ಬರಿಯಲ್ಲೇ ಅಳೆಯೋದು. 2025ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಲಕ್ಷದ ಲೆನ್ಸ್ ಅಂದರೆ ಆ ಬೆಲೆಯಲ್ಲಿ ಎಂಟು ಕ್ವಿಂಟಲ್‌ಗಿಂತ ಹೆಚ್ಚು ಕೊಬ್ಬರಿ. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ದರ ಬೆಂಬಲ ಬೆಲೆಯನ್ನು ಬಹಳ ಮೀರಿ ಏರಿತ್ತು, ನಿಜ. ಆದರೆ ಏರಿದ್ದು ಇಳಿಯುತ್ತೆ ಅನ್ನೋದು ತೆಂಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಎಂಐ ಮಾತ್ರ ಇಳಿಯೋದಿಲ್ಲ.

"ನೋ ಕಾಸ್ಟ್ ಇಎಂಐ" ಅನ್ನೋದನ್ನೂ ಒಂದು ಸಲ ಬಿಡಿಸಿ ನೋಡಿ. ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಅಂತ ಬೆಲೆಯಲ್ಲಿ ಕಡಿಮೆ ಮಾಡಿ ತೋರಿಸುತ್ತಾರೆ. ಆ ಬಡ್ಡಿ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ಸಾಮಾನ್ಯವಾಗಿ ನಿಮ್ಮ ತಲೆಗೇ ಬರುತ್ತೆ. ಪೂರ್ತಿ ದುಡ್ಡು ಕೊಟ್ಟು ತಗೊಂಡರೆ ಸಿಗುತ್ತಿದ್ದ ರಿಯಾಯಿತಿಯೂ ಕೈತಪ್ಪಬಹುದು. ಬಟನ್ ಒತ್ತೋ ಮುಂಚೆ ಕೊನೆಗೆ ಒಟ್ಟು ಎಷ್ಟು ಕಟ್ಟುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದು ಕೂಡಿ.

ಆ ಲೆನ್ಸ್ ಎಲ್ಲಿಗೆ ಎಳೆದುಕೊಂಡು ಹೋಗುತ್ತೆ

ಲೆನ್ಸ್ ಕೊಂಡ ಮೇಲೆ ಅದಕ್ಕೆ ಕೆಲಸ ಹುಡುಕಬೇಕು. ನೂರೈವತ್ತು-ಆರ್ನೂರು ಕೊಂಡವನು ಹುಲಿ ಹುಡುಕಿಕೊಂಡು ಕಬಿನಿಗೆ, ಬಂಡೀಪುರಕ್ಕೆ ಹೋಗಬೇಕು. ಸಫಾರಿ ಟಿಕೆಟ್, ರೂಮು, ಪೆಟ್ರೋಲು. ವರ್ಷಕ್ಕೆ ಎರಡು ಸಲ ಹೋದರೆ ದೊಡ್ಡದು. ಮಿಕ್ಕ ದಿನ ಲೆನ್ಸ್ ಬೀರುವಿನಲ್ಲಿ.

"ನಮ್ಮ ಜಿಲ್ಲೆಯಲ್ಲೇ ಇಲ್ವಾ ಅಣ್ಣ?" ಅಂತ ಕೇಳಬಹುದು. ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲು ಇದೆ; 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಅವುಗಳನ್ನು ಮನೆ ಮಕ್ಕಳಂತೆ ಕಾಯುತ್ತಾರೆ. ತುಮಕೂರು ತಾಲ್ಲೂಕಿನ ನಾಗವಲ್ಲಿ ಸುತ್ತ ಕಾಡುಪಾಪ ಇದೆ. ಕಡಬದ ಕೆರೆ ತುಂಬಿದರೆ ನೀರಹಕ್ಕಿ ಬರುತ್ತವೆ.

ಆದರೆ ಉದ್ದ ಲೆನ್ಸ್ ಇದ್ದವನಿಗೂ ಸಮಾಧಾನ ಇರೋದಿಲ್ಲ. ಇನ್ನೂ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ ಹತ್ತಿರ ಅಂತ ಗೂಡಿನ ಬುಡಕ್ಕೇ ಹೋಗಿ ನಿಲ್ಲುತ್ತಾನೆ. ಮರೆಯಾಗಿದ್ದ ರೆಂಬೆ ಸರಿಸಿದರೆ ಮರಿಗಳಿಗೆ ಬಿಸಿಲು ಬೀಳುತ್ತೆ, ಕಾಗೆಗೂ ದಾರಿ ಆಗುತ್ತೆ. ರಾತ್ರಿ ಕಾಡುಪಾಪದ ದೊಡ್ಡ ಕಣ್ಣಿಗೆ ಫ್ಲಾಷ್ ಹೊಡೆಯೋದು ಅದಕ್ಕಿಂತ ಕೆಟ್ಟದ್ದು. ಕತ್ತಲಲ್ಲಿ ನೋಡಲೆಂದೇ ಇರುವ ಕಣ್ಣು ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆ ಕದಡುವುದನ್ನೂ "ಬೇಟೆ" ಅನ್ನುವ ವ್ಯಾಖ್ಯೆಯೊಳಗೆ ಸೇರಿಸಿದ್ದಾರೆ. ಕೋವಿ ಹಿಡಿದರೆ ಮಾತ್ರ ಬೇಟೆ ಅಂದುಕೊಂಡವರು ಇದನ್ನು ನೆನಪಿಡಬೇಕು.

ನಿಟ್ಟೂರು ಹೋಬಳಿಯವರಿಗೆ ಇನ್ನೊಂದು ಮಾತು. ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಗಿದೆ. ರಕ್ಷಣಾ ಇಲಾಖೆಗೆ ಸೇರಿದ ಜಾಗದ ಕಡೆ ಉದ್ದ ಲೆನ್ಸ್ ತಿರುಗಿಸಿ ಫೋಟೋ ತೆಗೆದರೆ ಹವ್ಯಾಸ ಹೋಗಿ ಕೇಸು ಆಗುತ್ತೆ.

ತೋಟದಲ್ಲಿ ಇರೋದೇನು

ಈಗ ನಿಮ್ಮ ತೋಟಕ್ಕೆ ಬನ್ನಿ. ಒಂದು ತೆಂಗಿನ ಗರಿ ತಿರುಗಿಸಿ ನೋಡಿ. ಬಿಳಿ ಹಿಟ್ಟು ಉದುರಿಸಿದಂತೆ ಸುರುಳಿ ಸುರುಳಿಯಾಗಿ ಕಂಡರೆ ಅದು ಸುರುಳಿ ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ನಮ್ಮ ದೇಶದಲ್ಲೇ ಮೊದಲು ಕಾಣಿಸಿಕೊಂಡಿದ್ದು, ನಮ್ಮ ತೋಟಗಳಿಗೂ ಬಂತು. ಕೆಳಗಿನ ಗರಿ ಸುಟ್ಟಂತೆ ಒಣಗಿದ್ದರೆ ಕಪ್ಪು ತಲೆ ಹುಳು ಇರಬಹುದು. ಸುಳಿಯಲ್ಲಿ ರೈನೋಸರಸ್ ದುಂಬಿ, ಕಾಂಡದಲ್ಲಿ ಕೆಂಪು ಮೂತಿ ಹುಳು. ಕಾಯಿಯ ತೊಟ್ಟಿನ ಕೆಳಗೆ ಕಂದು ಕಜ್ಜಿಯಂತೆ ಇದ್ದರೆ ನುಸಿ. ಆ ನುಸಿ 1998ರ ಹೊತ್ತಿಗೆ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಯ ತೆಂಗನ್ನು ಏನು ಮಾಡಿತು ಅಂತ ನಿಮ್ಮ ಅಪ್ಪನನ್ನು ಕೇಳಿ.

ಇವುಗಳ ಜೊತೆಗೇ ಇವುಗಳನ್ನು ತಿನ್ನೋರೂ ಅಲ್ಲೇ ಇದ್ದಾರೆ. ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುವ ಎನ್‌ಕಾರ್ಸಿಯ ಅನ್ನುವ ಕಣಜ, ಕಪ್ಪು ತಲೆ ಹುಳುವಿನ ಮೇಲೆ ಬಿಡುವ ಗೋನಿಯೋಜಸ್ ಅನ್ನುವ ಕಣಜ. ಎರಡೂ ಬಹಳ ಚಿಕ್ಕವು. ಬರಿಗಣ್ಣಿಗೆ ಸುಲಭವಾಗಿ ಕಾಣದೇ ಇರೋದರಿಂದ ಇವು ನಮ್ಮ ಪರವಾಗಿ ದುಡಿಯುತ್ತಿವೆ ಅಂತ ಗೊತ್ತಾಗೋದಿಲ್ಲ. ಗೊತ್ತಾಗದೆ ಔಷಧಿ ಹೊಡೆದು ಇವನ್ನೇ ಮೊದಲು ಸಾಯಿಸುತ್ತೇವೆ.

ಇನ್ನೊಂದು ಉದಾಹರಣೆ ಮುಸುಕಿನ ಜೋಳದ್ದು. ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಅದನ್ನು ಬೇರೆ ಹುಳುಗಳಿಂದ ಬೇರೆ ಮಾಡಿ ಗುರುತಿಸೋದು ಹೇಗೆ ಗೊತ್ತಾ? ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂತಹ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಇದು ನೆಟ್ಟಗೆ ಕಾಣುವ ಒಂದು ಫೋಟೋ ತೆಗೆದು ಹಿರೇಹಳ್ಳಿಯ ಅಥವಾ ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿದರೆ ಗುರುತು ಹಿಡಿಯೋದು ಅವರಿಗೂ ಸುಲಭ, ನಿಮಗೂ ಬಸ್ ಚಾರ್ಜು ಉಳಿಯುತ್ತೆ. ಮಸುಕು ಫೋಟೋ ಕಳಿಸಿದರೆ "ಸ್ಯಾಂಪಲ್ ತನ್ನಿ" ಅನ್ನದೆ ಅವರು ಇನ್ನೇನು ಹೇಳಬೇಕು?

ಹವ್ಯಾಸ ಅಂದಮೇಲೆ ಎಲ್ಲಕ್ಕೂ ಉಪಯೋಗ ಹುಡುಕಬೇಕು ಅಂತ ನಾನು ಹೇಳೋದಿಲ್ಲ. ಜೇಡ ತನ್ನ ಬಲೆಯ ಮೇಲಿನ ಇಬ್ಬನಿ ಹೀರುವ ಚಿತ್ರಕ್ಕೆ ಯಾವ ಉಪಯೋಗವೂ ಬೇಕಿಲ್ಲ. ಆದರೆ ಒಂದೇ ಲೆನ್ಸ್ ಮನಸ್ಸಿಗೂ ತೋಟಕ್ಕೂ ಆಗೋದಾದರೆ ಹಳ್ಳಿಯವನು ಅದನ್ನು ಬಿಟ್ಟು ಬೇರೆ ಯಾಕೆ ಕೊಳ್ಳಬೇಕು?

ಮ್ಯಾಕ್ರೋ ಅಂದರೆ ಏನು

ನಿಜವಾದ ಮ್ಯಾಕ್ರೋ ಲೆನ್ಸ್ ಮೇಲೆ "1:1" ಅಂತ ಇರುತ್ತೆ. ಹತ್ತು ಮಿಲಿಮೀಟರ್ ಹುಳು ಕ್ಯಾಮೆರಾದ ಸೆನ್ಸರ್ ಮೇಲೂ ಹತ್ತು ಮಿಲಿಮೀಟರ್ ಆಗಿಯೇ ಬೀಳುತ್ತೆ ಅಂತ ಅದರ ಅರ್ಥ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವ ಕ್ಯಾಮೆರಾಗಳ ಸೆನ್ಸರ್ ಅಗಲ 22-24 ಮಿಲಿಮೀಟರ್. ಅಂದರೆ ಆ ಹುಳು ಫೋಟೋದ ಅರ್ಧ ಅಗಲ ತುಂಬುತ್ತೆ. ಕೆಲವು ಜೂಮ್ ಲೆನ್ಸ್ ಮೇಲೂ "ಮ್ಯಾಕ್ರೋ" ಅಂತ ಬರೆದಿರುತ್ತಾರೆ, ಆದರೆ ಅಳತೆ 1:2, 1:4 ಇರುತ್ತೆ. ಹೆಸರು ಬಿಡಿ, ಅಳತೆ ನೋಡಿ.

ಎರಡನೆಯದು ಎಂಎಂ. 40 ಎಂಎಂ ಮ್ಯಾಕ್ರೋ ಅಗ್ಗ, ಆದರೆ 1:1ಕ್ಕೆ ಹೋಗಬೇಕಾದರೆ ಲೆನ್ಸ್ ತುದಿ ಹುಳುವಿಗೆ ಎರಡು ಮೂರು ಬೆರಳಗಲ ಹತ್ತಿರ ಬರಬೇಕು. ಲೆನ್ಸಿನ ನೆರಳೇ ಬೀಳುತ್ತೆ, ಚಿಟ್ಟೆ ಹಾರಿ ಹೋಗುತ್ತೆ. 90, 100, 105 ಎಂಎಂ ಆದರೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು ದೂರ ಸಿಗುತ್ತೆ. ನಮ್ಮ ಕೆಲಸಕ್ಕೆ ಇದೇ ಸರಿ. ಹೊಸದಕ್ಕೆ ಕಂಪನಿ ನೋಡಿಕೊಂಡು ಮೂವತ್ತು ನಲವತ್ತು ಸಾವಿರದಿಂದ ಲಕ್ಷದವರೆಗೂ ಇದೆ. ಸೆಕೆಂಡ್ ಹ್ಯಾಂಡ್ ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತೆ.

ಮ್ಯಾಕ್ರೋದ ಮಿತಿಯನ್ನೂ ಹೇಳಬೇಕು. 1:1ರಲ್ಲಿ ಎಫ್11 ಇಟ್ಟರೂ ಫೋಕಸ್ ಸಿಗುವ ಆಳ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ನೊಣದ ಕಣ್ಣು ಸ್ಪಷ್ಟ ಬಂದರೆ ರೆಕ್ಕೆ ಮಸುಕು. ಬೆಳಕೂ ಎರಡು ಸ್ಟಾಪ್‌ನಷ್ಟು ಕಡಿಮೆ ಆಗುತ್ತೆ, ಅಂದರೆ ಕಾಲು ಭಾಗ ಮಾತ್ರ ಉಳಿಯುತ್ತೆ. ಹಾಗಾಗಿ ಕ್ಯಾಮೆರಾದ ಫ್ಲಾಷ್ ಮುಂದೆ ಬಿಳಿ ಥರ್ಮಾಕೋಲ್ ಹಾಳೆಯೋ ಪೇಪರೋ ಅಡ್ಡ ಹಿಡಿದು ಬೆಳಕನ್ನು ಮೆತ್ತಗೆ ಮಾಡಿಕೊಳ್ಳಬೇಕು. ಆಟೋ ಫೋಕಸ್ ಆಫ್ ಮಾಡಿ, ಉಸಿರು ಹಿಡಿದು, ಮೈಯನ್ನೇ ಕೂದಲೆಳೆ ಹಿಂದೆ ಮುಂದೆ ಮಾಡುತ್ತಾ ನಾಲ್ಕಾರು ಕ್ಲಿಕ್ ಹೊಡೆಯಬೇಕು. ಬೆಳಗ್ಗೆ ಏಳರ ಮುಂಚೆ ಹೋದರೆ ಹುಳುಗಳಿಗೆ ಇನ್ನೂ ಚಳಿ ಬಿಟ್ಟಿರೋದಿಲ್ಲ, ಕದಲದೆ ಕೂತಿರುತ್ತವೆ.

ನುಸಿಯ ಗಾತ್ರವಂತೂ 0.2 ಮಿಲಿಮೀಟರ್. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1:1ರಲ್ಲಿ ತೆಗೆದರೂ ಅದು ಐವತ್ತು ಪಿಕ್ಸೆಲ್ ಉದ್ದ ಬರುತ್ತೆ. ಒಂದು ಚುಕ್ಕೆ, ಅಷ್ಟೇ. ಅದಕ್ಕೆ ಮೈಕ್ರೋಸ್ಕೋಪೇ ಬೇಕು. ಲಕ್ಷ ಕೊಟ್ಟರೆ ಎಲ್ಲವೂ ಕಾಣುತ್ತೆ ಅನ್ನುವ ಭ್ರಮೆ ಯಾವ ಲೆನ್ಸಿನ ಮೇಲೂ ಬೇಡ.

ಕೆಲವು ನೂರು ರೂಪಾಯಿಯ ಪರೀಕ್ಷೆ

ಕೊಳ್ಳೋ ಮುಂಚೆ ಈ ಮೂರರಲ್ಲಿ ಒಂದು ಮಾಡಿ ನೋಡಿ.

ಒಂದು, ರಿವರ್ಸ್ ರಿಂಗ್. ಕೆಲವು ನೂರು ರೂಪಾಯಿ. ಇರುವ ಲೆನ್ಸನ್ನೇ ತಿರುಗಾಮುರುಗಾ ಕ್ಯಾಮೆರಾಕ್ಕೆ ಹಾಕೋದು. 50 ಎಂಎಂ ಲೆನ್ಸ್ ತಿರುಗಿಸಿದರೆ 1:1ರ ಹತ್ತಿರಕ್ಕೆ ಬರುತ್ತೆ. ಅಪರ್ಚರ್ ರಿಂಗ್ ಇರುವ ಹಳೇ ಲೆನ್ಸ್ ಆದರೆ ಒಳ್ಳೆಯದು. ಹೊಸ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಿಸೋದು ತಾಪತ್ರಯ. ಲೆನ್ಸಿನ ಹಿಂದಿನ ಗಾಜು ಹೊರಗೆ ಬರೋದರಿಂದ ಧೂಳಿನಲ್ಲಿ ಹುಷಾರು.

ಎರಡು, ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜಿಲ್ಲದ ಬರೀ ಕೊಳವೆ. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಸೇರಿಸಿದರೆ ಅರ್ಧ ಪಟ್ಟು ಹಿಗ್ಗುವಿಕೆ ಹೆಚ್ಚಾಗಿ ಸಿಗುತ್ತೆ. ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ. ಕ್ಯಾಮೆರಾ ಜೊತೆ ಮಾತಾಡುವ ಕಾಂಟ್ಯಾಕ್ಟ್ ಇರುವ ಟ್ಯೂಬೇ ತಗೊಳ್ಳಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ.

ಮೂರು, ಲೆನ್ಸ್ ಮುಂದೆ ಸಿಕ್ಕಿಸುವ ಕ್ಲೋಸಪ್ ಗಾಜು. ಇದು ಭೂತಗನ್ನಡಿ ಇದ್ದಂತೆ. ಕ್ಯಾಮೆರಾ ಇಲ್ಲದವರು ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸಿನಿಂದಲೂ ಶುರು ಮಾಡಬಹುದು. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಒತ್ತಿ ಹಿಡಿದರೂ ಬಿಳಿನೊಣದ ಮರಿ ಚೆನ್ನಾಗಿ ಕಾಣುತ್ತೆ.

ಮೂರು ತಿಂಗಳು ಇದರಲ್ಲಿ ತೆಗೆಯಿರಿ. ಆಮೇಲೂ ಬೆಳಗ್ಗೆ ಎದ್ದು ತೋಟಕ್ಕೆ ಹೋಗುವ ಆಸೆ ಉಳಿದಿದ್ದರೆ ಆಗ ಲೆನ್ಸ್ ಕೊಳ್ಳಿ. ಆಸೆ ಹೋಗಿದ್ದರೆ ಹೋಗಿದ್ದು ಕೆಲವು ನೂರು ರೂಪಾಯಿ ಮಾತ್ರ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ

ಮಾರುವವನ ಮಾತಿಗಿಂತ ಟಾರ್ಚ್ ನಂಬಿ. ಲೆನ್ಸಿನ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂತೆ ಎಳೆ ಎಳೆ ಕಂಡರೆ ಫಂಗಸ್. ಎಷ್ಟು ಅಗ್ಗ ಕೊಟ್ಟರೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅಪರ್ಚರ್ ಪಕಳೆಗಳ ಮೇಲೆ ಎಣ್ಣೆ ಜಿಡ್ಡು ಇದೆಯಾ ನೋಡಿ. ಫೋಕಸ್ ರಿಂಗ್ ಮೊದಲಿಂದ ಕೊನೆವರೆಗೆ ಒಂದೇ ಸಮ ತಿರುಗಬೇಕು, ಎಲ್ಲೂ ಹಿಡಿಯಬಾರದು.

ಮೌಂಟ್ ಹೊಂದುತ್ತಾ ಅಂತ ನಿಮ್ಮ ಕ್ಯಾಮೆರಾ ಜೊತೆಗೇ ತಗೊಂಡು ಹೋಗಿ ಹಾಕಿ ನೋಡಿ. ಕ್ಯಾನನ್‌ನ ಹೊಸ ಆರ್‌ಎಫ್ ಲೆನ್ಸ್ ಹಳೇ 1500ಡಿಯಂತಹ ಬಾಡಿಗೆ ಕೂರೋದೇ ಇಲ್ಲ. ನಿಕಾನ್ ಡಿ3500, ಡಿ5600ರಂತಹ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ, ಹಾಗಾಗಿ ಹಳೇ ಎಎಫ್-ಡಿ ಲೆನ್ಸ್‌ಗಳು ಅವುಗಳಲ್ಲಿ ಆಟೋ ಫೋಕಸ್ ಆಗೋದಿಲ್ಲ. ಇದೇ ಕಾರಣಕ್ಕೆ ಅಂತಹ ಲೆನ್ಸ್ ಅಗ್ಗಕ್ಕೆ ಸಿಗುತ್ತೆ, ಮ್ಯಾಕ್ರೋಕ್ಕೆ ಹೇಗೂ ಕೈಯಲ್ಲೇ ಫೋಕಸ್ ಮಾಡೋದರಿಂದ ನಮಗೆ ಅದು ಲಾಭ. ಹೊಸದು ಕೊಳ್ಳೋದಾದರೆ ಜಿಎಸ್‌ಟಿ ಬಿಲ್ಲು ಮತ್ತು ಭಾರತದ ವಾರಂಟಿ ಕೇಳಿ ತಗೊಳ್ಳಿ. ಬಿಲ್ಲಿಲ್ಲದ ಮಾಲು ಅಗ್ಗ, ಕೆಟ್ಟರೆ ಕೇಳೋರಿಲ್ಲ.

ತಂದ ಮೇಲೆ ಮಳೆಗಾಲದಲ್ಲಿ ಬೀರುವಿನೊಳಗೆ ಬಟ್ಟೆ ಸಂದಿಯಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿ ಹಾಕಿ ಇಡಿ.

ಹವ್ಯಾಸ ಯಾರದ್ದು

"ಇದೆಲ್ಲ ದುಡ್ಡಿರೋರ ಶೋಕಿ" ಅನ್ನೋರಿಗೆ ಒಂದು ಮಾತು. ಅದರಲ್ಲಿ ನಿಜ ಇದೆ. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದಲ್ಲಿ ಮೊದಲು ನೆನಪಾಗುವವರಲ್ಲಿ ಎಂ.ವೈ. ಘೋರ್ಪಡೆ ಸಂಡೂರಿನ ರಾಜಮನೆತನದವರು, ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು. ಆದರೆ ಅದೇ ಕಾಲಕ್ಕೆ ಟಿ.ಎನ್.ಎ. ಪೆರುಮಾಳ್ ಅಂಥವರೂ ಇದ್ದರು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಫಿಕ್ ಸೊಸೈಟಿ ಹುಟ್ಟಿತು. ಇಂಥ ಸಂಘಗಳಲ್ಲಿ ಹವ್ಯಾಸಿಗಳು ಒಬ್ಬರಿಂದೊಬ್ಬರು ಕಲಿತರು. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೋ ತೆಗೆದರು. ಕಾಫಿ ತೋಟದವರಿಗೆ ಸಲ್ಲುವ ಹವ್ಯಾಸ ತೆಂಗಿನ ತೋಟದವರಿಗೆ ಯಾಕೆ ಸಲ್ಲಬಾರದು?

ಸಲ್ಲಬೇಕಾದರೆ ಒಬ್ಬೊಬ್ಬರೂ ಒಂದೊಂದು ಇಎಂಐ ಹೊರೋದು ದಾರಿಯಲ್ಲ. ನಾಲ್ಕೈದು ಹುಡುಗರು ಸೇರಿ ಒಂದು ಮ್ಯಾಕ್ರೋ ಲೆನ್ಸ್ ಕೊಳ್ಳಬಹುದು, ಒಂದೇ ಕಂಪನಿಯ ಬಾಡಿ ಇದ್ದರೆ ಆಯಿತು. ವಾರಕ್ಕೊಬ್ಬರು. ಕಬಿನಿಗೆ ಹೋಗುವ ಆಸೆ ಬಂದಾಗ ಉದ್ದ ಲೆನ್ಸನ್ನು ಬೆಂಗಳೂರಿನಲ್ಲಿ ದಿನಕ್ಕಿಷ್ಟು ಅಂತ ಬಾಡಿಗೆಗೆ ತರಬಹುದು. ವರ್ಷಕ್ಕೆ ಮೂರು ದಿನದ ಕೆಲಸಕ್ಕೆ ಲಕ್ಷ ಹಾಕುವ ಅಗತ್ಯ ಇಲ್ಲ.

ಇನ್ನು ಪಂಚಾಯಿತಿಯವರಿಗೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ "ಅರಿವು ಕೇಂದ್ರ" ಅಂತ ಹೆಸರಾಗಿದೆ. ಅಲ್ಲಿ ಪುಸ್ತಕ, ಪೇಪರು, ಕೆಲವು ಕಡೆ ಕಂಪ್ಯೂಟರ್ ಇವೆ. ಅದರ ಜೊತೆ ನಾಲ್ಕು ಭೂತಗನ್ನಡಿ, ಎರಡು ಮೊಬೈಲ್ ಮ್ಯಾಕ್ರೋ ಕ್ಲಿಪ್, ಕೀಟಗಳ ಒಂದು ಚಾರ್ಟ್ ಇಡೋದಕ್ಕೆ ಎಷ್ಟು ಖರ್ಚಾಗುತ್ತೆ? ಪುಸ್ತಕ ಕೊಟ್ಟಂತೆ ರಿಜಿಸ್ಟರ್‌ನಲ್ಲಿ ಬರೆದು ಮಕ್ಕಳಿಗೆ ಕೊಡಲಿ. ಹೈಸ್ಕೂಲ್ ಹುಡುಗಿ ಒಬ್ಬಳು ತನ್ನ ಮನೆ ತೋಟದ ಗರಿಯ ಫೋಟೋ ತಂದು "ಇದರಲ್ಲಿ ಬಿಳಿನೊಣ ಎಷ್ಟು, ಕಣಜ ಎಷ್ಟು" ಅಂತ ಲೆಕ್ಕ ಹಾಕುವಂತಾದರೆ ಅವಳಪ್ಪ ಔಷಧಿ ಅಂಗಡಿಯವನು ಹೇಳಿದ್ದನ್ನೆಲ್ಲ ಕೊಳ್ಳೋದಿಲ್ಲ.

ನನ್ನ ಮಾತು ಒಪ್ಪದೆ ಉದ್ದ ಲೆನ್ಸೇ ಕೊಳ್ಳುತ್ತೇನೆ ಅನ್ನೋರೂ ಇರುತ್ತಾರೆ. ಕೊಳ್ಳಿ, ದುಡ್ಡು ನಿಮ್ಮದು. ಕಗ್ಗಲಡಿಗೆ ಹೋದಾಗ ರಸ್ತೆಯಲ್ಲೇ ನಿಂತು ತೆಗೆಯಿರಿ, ಗೂಡಿನ ಮರದ ಕೆಳಗೆ ಹೋಗಬೇಡಿ. ಮಿಕ್ಕವರು ನಾಳೆ ಬೆಳಗ್ಗೆ ನೀರು ಬಿಡೋಕೆ ತೋಟಕ್ಕೆ ಹೋದಾಗ ಒಂದು ಗರಿ ಬಗ್ಗಿಸಿ ಅಡಿಭಾಗ ನೋಡಿ. ಅಲ್ಲಿ ಏನೋ ಕದಲುತ್ತಿರುತ್ತೆ. ಅದು ಏನು ಅಂತ ತಿಳಿದುಕೊಳ್ಳಬೇಕು ಅನ್ನಿಸಿದರೆ ಆಗ ಫೋನ್ ಮಾಡಿ, ಯಾವ ಲೆನ್ಸ್ ಅಂತ ಮಾತಾಡೋಣ.